ಹಾಸಿಗೆ ಹಿಡಿದ ಹಿರಿಯರು, ತರಬೇತಿಯಿಲ್ಲದ ಕೈಗಳು

ಪಾರ್ಶ್ವವಾಯುವಿಗೆ ತುತ್ತಾದ ವೃದ್ಧರನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಕುಟುಂಬದ ಕೈಗೆ ಡಿಸ್ಚಾರ್ಜ್ ಸಾರಾಂಶ, ಔಷಧಗಳ ಚೀಟಿ ಮತ್ತು ಮುಂದಿನ ಭೇಟಿಯ ದಿನಾಂಕ ದೊರೆಯುತ್ತವೆ. ಮೂಗಿನ ನಳಿಕೆಯಲ್ಲಿ ಆಹಾರ ಕೊಡುವುದು ಹೇಗೆ, ಮೂತ್ರದ ಚೀಲವನ್ನು ಎಲ್ಲಿ ತೂಗುಹಾಕಬೇಕು, ರಾತ್ರಿ ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬುದನ್ನು ವಾರ್ಡಿನ ದಾದಿಯೊಬ್ಬರು ಅವಸರದಲ್ಲಿ ತೋರಿಸಿಕೊಟ್ಟರೆ ಅದೇ ಪುಣ್ಯ. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ರೋಗಿಯ ಆರೈಕೆ ಯಾರ ಹೊಣೆ ಎಂಬ ಪ್ರಶ್ನೆಗೆ ಸರ್ಕಾರದ ಯಾವ ಇಲಾಖೆಯಲ್ಲೂ ಸ್ಪಷ್ಟ ಉತ್ತರವಿಲ್ಲ.

ಈ ಸ್ಥಿತಿ ಹೊಸದಲ್ಲ. ಆದರೆ ಅದರ ವ್ಯಾಪ್ತಿ ಈಗ ಸಹಿಸಬಹುದಾದ ಮಿತಿಯನ್ನು ಮೀರುತ್ತಿದೆ. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಗೆ ಒಳಗಾದವರು, ಎದ್ದು ಶೌಚಾಲಯಕ್ಕೆ ಹೋಗಲಾರದವರು ದಿನನಿತ್ಯ ಅವಲಂಬಿಸಿರುವುದು ಯಾರೂ ಏನನ್ನೂ ಕಲಿಸದ, ಯಾರೂ ಮೇಲ್ವಿಚಾರಣೆ ಮಾಡದ, ಬಹುಪಾಲು ಸಂದರ್ಭಗಳಲ್ಲಿ ನ್ಯಾಯವಾದ ಸಂಬಳವೂ ಇಲ್ಲದ ಕೈಗಳನ್ನು. ಆ ಕೈಗಳನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅವುಗಳನ್ನು ಹಾಗೆಯೇ ಬಿಟ್ಟಿರುವ ಆಡಳಿತ ಸಾರ್ವಜನಿಕರಿಗೆ ವಿವರಣೆ ಕೊಡಬೇಕಾಗಿದೆ.

2011ರ ಜನಗಣತಿಯ ಹೊತ್ತಿಗೆ ಕರ್ನಾಟಕದಲ್ಲಿ 60 ವರ್ಷ ದಾಟಿದವರು ಸುಮಾರು 58 ಲಕ್ಷ, ಅಂದರೆ ಜನಸಂಖ್ಯೆಯ ಶೇ 9.5. ಜನಸಂಖ್ಯೆಯ ಮುನ್ನಂದಾಜಿಗಾಗಿ ಕೇಂದ್ರ ಸರ್ಕಾರ ರಚಿಸಿದ್ದ ತಾಂತ್ರಿಕ ಗುಂಪಿನ ಲೆಕ್ಕದಂತೆ ಈ ಪಾಲು 2021ಕ್ಕೆ ಶೇ 11.5ಕ್ಕೆ ಏರಿದೆ, 2031ರ ವೇಳೆಗೆ ಶೇ 15 ಆಗಲಿದೆ. ರಾಷ್ಟ್ರೀಯ ಸರಾಸರಿಗಿಂತ ನಮ್ಮ ರಾಜ್ಯ ಬೇಗ ಮುಪ್ಪಾಗುತ್ತಿದೆ. ಉಡುಪಿ, ಹಾಸನ, ಮಂಡ್ಯದಂಥ ಜಿಲ್ಲೆಗಳಲ್ಲಿ ವೃದ್ಧರ ಪ್ರಮಾಣ ರಾಜ್ಯದ ಸರಾಸರಿಯನ್ನೂ ಮೀರಿದೆ.

ಇನ್ನೊಂದು ಅಂಕಿ ಇದರ ಜೊತೆಗೇ ಓದಬೇಕಾದದ್ದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ನಾಲ್ಕೈದು ಮಕ್ಕಳು ಹಂಚಿಕೊಳ್ಳುತ್ತಿದ್ದ ಹೊಣೆ ಒಬ್ಬರ ಅಥವಾ ಇಬ್ಬರ ಮೇಲೆ ಬೀಳುವ ಕಾಲ ಬಂದಿದೆ. ಆ ಒಬ್ಬರೋ ಇಬ್ಬರೋ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ. ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದು, ಎಂಬತ್ತರ ಹೆಂಡತಿ ಎಂಬತ್ತೈದರ ಗಂಡನನ್ನು ಎತ್ತಿ ಕೂರಿಸಬೇಕಾದ ಸ್ಥಿತಿ ಅಪರೂಪದ್ದಾಗಿ ಉಳಿದಿಲ್ಲ.

ದೀರ್ಘಾಯುಷ್ಯವೇ ಸಂಕಟ ಎಂದು ನಾವು ಹೇಳುತ್ತಿಲ್ಲ. ಬಹುಪಾಲು ಹಿರಿಯರು ಸ್ವತಂತ್ರವಾಗಿಯೇ ಬದುಕುತ್ತಾರೆ, ದುಡಿಯುತ್ತಾರೆ, ಮೊಮ್ಮಕ್ಕಳನ್ನೂ ಸಾಕುತ್ತಾರೆ. ಕಳವಳದ ಕಾರಣ ಬೇರೆ. 2017–18ರಲ್ಲಿ ದೇಶದಾದ್ಯಂತ 72 ಸಾವಿರಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿ ನಡೆಸಿದ ವೃದ್ಧಾಪ್ಯ ಅಧ್ಯಯನ ‘ಲಾಸಿ’ಯ ಪ್ರಕಾರ, 60 ದಾಟಿದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಸ್ನಾನ, ಉಡುಪು, ಊಟ, ಶೌಚದಂಥ ದೈನಂದಿನ ಕ್ರಿಯೆಗಳಲ್ಲಿ ಒಂದರಲ್ಲಾದರೂ ತೊಂದರೆಯಿದೆ. ಇದೇ ಅಧ್ಯಯನದ ಮುಂದುವರಿಕೆ ದೇಶದಲ್ಲಿ ಸುಮಾರು 88 ಲಕ್ಷ ಹಿರಿಯರು ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು ಅಂದಾಜಿಸಿದೆ.

ಹೀಗೆ ಆರೈಕೆ ಬೇಕಾದ ಹಿರಿಯರಲ್ಲಿ ಅತ್ಯಲ್ಪ ಭಾಗ ಮಾತ್ರ ವೃದ್ಧಾಶ್ರಮ ಅಥವಾ ಆರೈಕೆ ಕೇಂದ್ರಗಳಲ್ಲಿದೆ. ಉಳಿದವರೆಲ್ಲ ಮನೆಯಲ್ಲೇ ಇದ್ದಾರೆ, ಮನೆಯಲ್ಲೇ ಇರಬಯಸುತ್ತಾರೆ. ಅದು ಸರಿಯಾದ ಆಸೆಯೂ ಹೌದು. ಹಾಗಿದ್ದಮೇಲೆ ಆರೈಕೆಯ ನೀತಿಯನ್ನು ಮನೆಯಿಂದಲೇ ಆರಂಭಿಸಬೇಕಿತ್ತು.

ಈ ಹೊಣೆಯನ್ನು ಇಂದು ಹೊತ್ತಿರುವವರು ಮುಖ್ಯವಾಗಿ ಮನೆಯ ಹೆಂಗಸರು: ಸೊಸೆ, ಮಗಳು, ಹೆಂಡತಿ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ 15ರಿಂದ 59ರ ವಯೋಮಾನದ ಮಹಿಳೆಯರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ, ಪುರುಷರಲ್ಲಿ ಆ ಪ್ರಮಾಣ ಶೇ 21.4. ತೊಡಗಿದವರಲ್ಲಿ ಮಹಿಳೆ ದಿನಕ್ಕೆ ಸುಮಾರು 140 ನಿಮಿಷ, ಪುರುಷ 74 ನಿಮಿಷ ವ್ಯಯಿಸುತ್ತಾರೆ. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆ. ಆದರೆ ಅಸಮತೋಲನದ ಸ್ವರೂಪದ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ. ಅತ್ತೆಯ ಆರೈಕೆಗಾಗಿ ಶಿಕ್ಷಕಿಯ ಹುದ್ದೆಯನ್ನೋ ಗಾರ್ಮೆಂಟ್ಸ್ ಕೆಲಸವನ್ನೋ ಬಿಟ್ಟ ಸೊಸೆಯ ನಷ್ಟ ರಾಜ್ಯದ ಯಾವ ಲೆಕ್ಕದಲ್ಲೂ ನಮೂದಾಗುವುದಿಲ್ಲ.

ಅನುಕೂಲವಿರುವ ಕುಟುಂಬಗಳು ಏಜೆನ್ಸಿಗಳ ಮೊರೆಹೋಗುತ್ತವೆ. ‘ಹೋಂ ನರ್ಸ್’ ಎಂದು ಕಳುಹಿಸಿಕೊಟ್ಟವರಲ್ಲಿ ಹೆಚ್ಚಿನವರು ನರ್ಸಿಂಗ್ ಕಲಿತವರಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಂದಲೋ ಒಡಿಶಾ, ಜಾರ್ಖಂಡ್, ಅಸ್ಸಾಂನಿಂದಲೋ ದುಡಿಮೆ ಅರಸಿ ಬಂದ ಹೆಣ್ಣುಮಕ್ಕಳು ಅವರು. ಏಜೆನ್ಸಿ ನೋಂದಣಿ ಶುಲ್ಕ ಪಡೆಯುತ್ತದೆ, ತಿಂಗಳ ಸಂಬಳದಲ್ಲಿ ಕಮಿಷನ್ ಹಿಡಿಯುತ್ತದೆ, ಒಬ್ಬರು ಬಿಟ್ಟುಹೋದರೆ ಇನ್ನೊಬ್ಬರನ್ನು ಕಳುಹಿಸುತ್ತದೆ. ಬಂದವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ಪರೀಕ್ಷಿಸಿ ಹೇಳುವ ವ್ಯವಸ್ಥೆ ಇಲ್ಲ. ಕುಟುಂಬಕ್ಕೂ ಅದು ತಿಳಿಯುವುದು ಅನಾಹುತವಾದ ಮೇಲೆಯೇ.

ಪ್ರೀತಿ, ತಾಳ್ಮೆ ಇದ್ದರಾಯಿತು, ಆರೈಕೆಗೆ ತರಬೇತಿ ಏಕೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಈ ನಂಬಿಕೆಯೇ ಸಮಸ್ಯೆಯ ಬೇರು. ಆದ್ದರಿಂದ ಇಲ್ಲಿ ಸ್ವಲ್ಪ ವಿವರಕ್ಕೆ ಇಳಿಯುವುದು ಅನಿವಾರ್ಯ.

ನುಂಗುವ ಶಕ್ತಿ ಕುಂದಿದವರಿಗೆ ಮಲಗಿದ ಭಂಗಿಯಲ್ಲೇ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಉಂಟಾಗಬಹುದು. ಪ್ರೀತಿಯಿಂದ ಕುಡಿಸಿದ ಗಂಜಿಯೂ ಹಾಗೆಯೇ ಇಳಿಯುತ್ತದೆ. ನಳಿಕೆಯಲ್ಲಿ ಆಹಾರ ಕೊಡುವಾಗ ತಲೆಯ ಭಾಗವನ್ನು ಎತ್ತರಿಸಬೇಕು, ಕೊಟ್ಟ ಬಳಿಕವೂ ಅರ್ಧ ಗಂಟೆಯಾದರೂ ಹಾಗೆಯೇ ಇರಿಸಬೇಕು. ಮೂತ್ರದ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಗಾಲಿಕುರ್ಚಿಗೆ ಕೂರಿಸುವಾಗ ಅದನ್ನೆತ್ತಿ ಮಡಿಲ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿದು ಸೋಂಕಿಗೆ ದಾರಿಯಾಗುತ್ತದೆ.

ಲಕ್ವ ಹೊಡೆದ ಕೈಯನ್ನೇ ಹಿಡಿದೆಳೆದು ಎಬ್ಬಿಸುವುದು ಮನೆಮನೆಗಳಲ್ಲಿ ನಡೆಯುವ ತಪ್ಪು. ಶಕ್ತಿಗುಂದಿದ ಸ್ನಾಯುಗಳು ಭುಜದ ಕೀಲನ್ನು ಹಿಡಿದಿಡಲಾರವು. ಕೀಲು ಜಾರುತ್ತದೆ, ಅಲ್ಲಿಂದಾಚೆಗೆ ಪ್ರತಿ ಸ್ಪರ್ಶವೂ ನೋವು. ಆ ನೋವಿನಿಂದ ರೋಗಿ ವ್ಯಾಯಾಮ ನಿರಾಕರಿಸುತ್ತಾರೆ, ವ್ಯಾಯಾಮವಿಲ್ಲದೆ ಚೇತರಿಕೆ ನಿಲ್ಲುತ್ತದೆ. ಎರಡು ದಿನ ಕೈಹಿಡಿದು ಕಲಿಸಿದ್ದರೆ ತಪ್ಪಿಸಬಹುದಾಗಿದ್ದ ಹಾನಿಯಿದು.

ಹಾಸಿಗೆ ಹುಣ್ಣಿನ ವಿಷಯ ಇನ್ನೂ ಗಂಭೀರ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಕೆಳಭಾಗದಲ್ಲಿ, ಸೊಂಟದ ಪಕ್ಕದಲ್ಲಿ, ಹಿಮ್ಮಡಿಯಲ್ಲಿ ಚರ್ಮ ಸಾಯತೊಡಗುತ್ತದೆ. ಬಿಳಿ ಚರ್ಮದಲ್ಲಿ ಮೊದಲ ಲಕ್ಷಣ ಕೆಂಪು. ನಮ್ಮ ಕಪ್ಪು, ಗೋಧಿ ಮೈಬಣ್ಣಗಳಲ್ಲಿ ಆ ಕೆಂಪು ಸುಲಭವಾಗಿ ಕಾಣಿಸದು. ಬೆರಳಿನಿಂದ ಮುಟ್ಟಿ, ಅಲ್ಲಿನ ಬಿಸಿ ಮತ್ತು ಗಡಸುತನದಿಂದಲೇ ಗುರುತಿಸಬೇಕು. ಈ ಮೊದಲ ಗುರುತು ತಪ್ಪಿದರೆ ಹುಣ್ಣು ಮೂಳೆಯವರೆಗೆ ಇಳಿಯಬಹುದು. ದುಬಾರಿ ಏರ್ ಬೆಡ್ ಕೊಂಡುತಂದು, ಮಗ್ಗುಲು ಬದಲಿಸುವುದನ್ನೇ ನಿಲ್ಲಿಸಿದ ಮನೆಗಳೂ ಉಂಟು.

ಇನ್ಸುಲಿನ್ ಪಡೆಯುವವರು ಬೆವರಿ, ಮಂಪರಿನಲ್ಲಿ ಮಲಗಿದ್ದರೆ ಅದನ್ನು ನಿದ್ದೆಯೆಂದು ಬಿಡುವಂತಿಲ್ಲ. ರಕ್ತದಲ್ಲಿ ಸಕ್ಕರೆ ಕುಸಿದಿರಬಹುದು. ನಿನ್ನೆಯವರೆಗೆ ನೆಟ್ಟಗೆ ಮಾತನಾಡುತ್ತಿದ್ದವರು ಇಂದು ಅಸಂಬದ್ಧವಾಗಿ ಮಾತನಾಡಿದರೆ ‘ಅರಳುಮರಳು’ ಎಂದು ನಕ್ಕು ಸುಮ್ಮನಾಗುವುದು ವಾಡಿಕೆ. ಹಠಾತ್ತಾಗಿ ಬಂದ ಗೊಂದಲದ ಹಿಂದೆ ಮೂತ್ರದ ಸೋಂಕು, ನೀರಿನಂಶದ ಕೊರತೆ ಅಥವಾ ಹೊಸ ಮಾತ್ರೆಯ ಪರಿಣಾಮ ಇರಬಹುದು. ಇದನ್ನು ಬಲ್ಲವರು ವೈದ್ಯರಿಗೆ ಫೋನ್ ಮಾಡುತ್ತಾರೆ. ಅರಿಯದವರು ಎರಡು ದಿನ ಕಾಯುತ್ತಾರೆ.

ಡಿಮೆನ್ಷಿಯಾ ಇರುವವರ ಆರೈಕೆಗೆ ಬೇಕಾದ ಕೌಶಲ ಇನ್ನೂ ಸೂಕ್ಷ್ಮ. ಸಂಜೆಯಾದೊಡನೆ ‘ಮನೆಗೆ ಹೋಗಬೇಕು’ ಎಂದು ಸ್ವಂತ ಮನೆಯಲ್ಲೇ ಹಟ ಹಿಡಿಯುವವರೊಡನೆ ವಾದಿಸಿ ಪ್ರಯೋಜನವಿಲ್ಲ. ಅವರನ್ನು ಮಂಚಕ್ಕೆ ಕಟ್ಟುವುದು, ಕೋಣೆಯಲ್ಲಿ ಕೂಡಿಹಾಕುವುದು ಕ್ರೂರ ಮನಸ್ಸಿನವರು ಮಾತ್ರ ಮಾಡುವ ಕೆಲಸವೆಂದು ಭಾವಿಸಬೇಕಿಲ್ಲ. ಬೇರೆ ದಾರಿ ಕಾಣದ, ರಾತ್ರಿಗಟ್ಟಲೆ ನಿದ್ದೆಯಿಲ್ಲದ, ಒಳ್ಳೆಯ ಮನುಷ್ಯರೇ ಇಂಥ ಅತಿರೇಕಕ್ಕೆ ತಲುಪುತ್ತಾರೆ.

ಭಾಷೆಯ ಸಮಸ್ಯೆಯೂ ಇಲ್ಲಿದೆ. ಮರೆವು ಆವರಿಸಿದಂತೆ ಹಲವರು ಆಮೇಲೆ ಕಲಿತ ಭಾಷೆಗಳನ್ನು ಬಿಟ್ಟುಕೊಟ್ಟು ಮೊದಲ ಮಾತಿಗೆ ಮರಳುತ್ತಾರೆ. ಜೀವನವಿಡೀ ಇಂಗ್ಲಿಷಿನಲ್ಲಿ ಕಚೇರಿ ನಡೆಸಿದವರು ಹವ್ಯಕ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ನೀರು ಕೇಳುತ್ತಾರೆ. ಎದುರಿಗಿರುವ ಆರೈಕೆದಾರರಿಗೆ ಹಿಂದಿ ಮಾತ್ರ ಗೊತ್ತು. ನೋವು ಎಲ್ಲಿದೆ ಎಂದು ಹೇಳಲು, ಕೇಳಲು ಇಬ್ಬರಿಗೂ ಸಾಧ್ಯವಿಲ್ಲ. ಆರೈಕೆಯ ಪಠ್ಯ, ಪ್ರಾತ್ಯಕ್ಷಿಕೆ, ಪರೀಕ್ಷೆ ಎಲ್ಲವೂ ಕನ್ನಡದಲ್ಲಿ ಆಗಬೇಕು, ಹೊರರಾಜ್ಯದಿಂದ ಬಂದವರಿಗೆ ಕೆಲಸಕ್ಕೆ ತಕ್ಕ ಕನ್ನಡ ಕಲಿಸಬೇಕು ಎಂಬುದು ಭಾಷಾಭಿಮಾನದ ಬೇಡಿಕೆಗಿಂತ ಮೊದಲು ರೋಗಿಯ ಸುರಕ್ಷತೆಯ ಬೇಡಿಕೆ.

ಇಷ್ಟೆಲ್ಲ ಕಲಿಸುವುದು ಅಸಾಧ್ಯವೇ? ಅಲ್ಲ. ಇದಕ್ಕೆ ವೈದ್ಯಕೀಯ ಪದವಿ ಬೇಡ. ಹತ್ತನೇ ತರಗತಿ ಓದಿದವರು ಕೆಲವು ತಿಂಗಳಲ್ಲಿ ಕಲಿಯಬಲ್ಲರು. ಜಪಾನಿನಲ್ಲಿ ಈ ವೃತ್ತಿಗೆ ಪ್ರವೇಶಿಸುವವರ ಆರಂಭಿಕ ತರಬೇತಿ 130 ಗಂಟೆಗಳದ್ದು. ನಮ್ಮಲ್ಲೂ ಕೋರ್ಸುಗಳಿಗೆ ಕೊರತೆಯಿಲ್ಲ. ಕೇಂದ್ರದ ಕೌಶಲ ಯೋಜನೆಯಲ್ಲಿ ಗೃಹ ಆರೋಗ್ಯ ಸಹಾಯಕರ ಪಠ್ಯಕ್ರಮವಿದೆ. ಸಾಮಾಜಿಕ ನ್ಯಾಯ ಸಚಿವಾಲಯದ ‘ಅಟಲ್ ವಯೋ ಅಭ್ಯುದಯ ಯೋಜನೆ’ಯಲ್ಲಿ ವೃದ್ಧರ ಆರೈಕೆದಾರರ ತರಬೇತಿಗೆಂದೇ ಒಂದು ಭಾಗವಿದೆ. ಬೆಂಗಳೂರಿನ ಕೆಲವು ಸೇವಾಸಂಸ್ಥೆಗಳು ತಮ್ಮ ಶಕ್ತ್ಯನುಸಾರ ಉತ್ತಮವಾಗಿಯೇ ಕಲಿಸುತ್ತಿವೆ.

ಹಾಗಾದರೆ ಎಡವಿದ್ದು ಎಲ್ಲಿ? ಕೋವಿಡ್ ಕಾಲದ ಒಂದು ಪ್ರಯೋಗ ಇದಕ್ಕೆ ಉತ್ತರ ನೀಡುತ್ತದೆ. 2021ರ ಜೂನ್‌ನಲ್ಲಿ ಪ್ರಧಾನಿಯವರು ಒಂದು ಲಕ್ಷ ಮಂದಿಗೆ ತುರ್ತು ತರಬೇತಿ ನೀಡುವ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು. 26 ರಾಜ್ಯಗಳ 111 ಕೇಂದ್ರಗಳಲ್ಲಿ ಅದು ಆರಂಭವಾಯಿತು. ಅದರ ಆರು ಕೆಲಸಗಳಲ್ಲಿ ಮನೆಯಲ್ಲಿ ಆರೈಕೆ ಮಾಡುವುದೂ ಒಂದಾಗಿತ್ತು. ಅಂದರೆ ಸಂಕಲ್ಪವಿದ್ದಾಗ ಅಲ್ಪಾವಧಿಯಲ್ಲಿ ತರಬೇತಿ ಸಂಘಟಿಸುವುದು ಈ ದೇಶಕ್ಕೆ ಅಸಾಧ್ಯವಲ್ಲ. ಸಾಂಕ್ರಾಮಿಕ ಇಳಿಯಿತು. ಕಲಿತವರಿಗೆ ಹುದ್ದೆಯೂ ಇರಲಿಲ್ಲ, ಅವರನ್ನು ಒಂದು ವೃತ್ತಿಸಮುದಾಯವಾಗಿ ಹಿಡಿದಿಡುವ ಚೌಕಟ್ಟೂ ಇರಲಿಲ್ಲ. ಇಂದು ಒಂದು ಕುಟುಂಬ ತನ್ನೂರಿನಲ್ಲಿ ಅಂಥ ತರಬೇತಿ ಪಡೆದವರನ್ನು ಹುಡುಕಿಕೊಳ್ಳಲು ನೆರವಾಗುವ ಸಾರ್ವಜನಿಕ ನೋಂದಣಿ ಪುಸ್ತಕವೇ ಇಲ್ಲ.

ಪ್ರಮಾಣಪತ್ರ ಕೊಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವಲ್ಲಿಗೆ ಮುಗಿಯುವ ತರಬೇತಿಯಿಂದ ಕಾರ್ಯಪಡೆ ಹುಟ್ಟುವುದಿಲ್ಲ. ತರಬೇತಿಯ ಹಿಂದೆ ಮಾನ್ಯತೆ, ಮುಂದೆ ಸಂಬಳ, ಜೊತೆಯಲ್ಲಿ ಮೇಲ್ವಿಚಾರಣೆ ಇದ್ದಾಗ ಮಾತ್ರ ಅದು ಉಳಿಯುತ್ತದೆ. ಈ ಮೂರನ್ನೂ ಒದಗಿಸುವ ಅವಕಾಶಗಳನ್ನು ನಮ್ಮ ಶಾಸನಸಭೆಗಳು ಒಂದೊಂದಾಗಿ ಕೈಬಿಟ್ಟಿವೆ.

ಪಾಲಕರು ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಅದು ಜೀವನಾಂಶದ ಬಗ್ಗೆ, ವೃದ್ಧಾಶ್ರಮಗಳ ಬಗ್ಗೆ ಮಾತನಾಡುತ್ತದೆ. ಮನೆಯೊಳಗಿನ ಆರೈಕೆಯ ಗುಣಮಟ್ಟದ ಬಗ್ಗೆ ಮೌನವಾಗಿದೆ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಗೃಹ ಆರೈಕೆ ಸೇವಾ ಸಂಸ್ಥೆಗಳನ್ನು ನೋಂದಣಿ ಮತ್ತು ಕನಿಷ್ಠ ಮಾನದಂಡಗಳ ಅಡಿಗೆ ತರಲು ಹೊರಟಿತ್ತು. ಸ್ಥಾಯಿ ಸಮಿತಿ ಅದನ್ನು ಪರಿಶೀಲಿಸಿ ವರದಿಯನ್ನೂ ಕೊಟ್ಟಿತು. ಆ ಬಳಿಕ ಮೂರು ವರ್ಷಕ್ಕೂ ಹೆಚ್ಚು ಕಾಲ ಮಸೂದೆ ಕದಲಲಿಲ್ಲ. 2024ರಲ್ಲಿ ಹದಿನೇಳನೆಯ ಲೋಕಸಭೆ ವಿಸರ್ಜನೆಯಾದಾಗ ಅದೂ ಅಳಿಯಿತು. ಅದಕ್ಕಾಗಿ ಯಾವ ಪಕ್ಷವೂ ಬೀದಿಗಿಳಿದದ್ದು ನಮಗೆ ನೆನಪಿಲ್ಲ.

2021ರಲ್ಲಿ ಅಲೈಡ್ ಹಾಗೂ ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಜಾರಿಗೆ ಬಂತು. ಭೌತಚಿಕಿತ್ಸಕರಿಂದ ಪ್ರಯೋಗಾಲಯ ತಂತ್ರಜ್ಞರವರೆಗೆ ಹಲವರಿಗೆ ಮೊದಲ ಬಾರಿಗೆ ಶಾಸನಬದ್ಧ ಗುರುತು ದೊರೆತದ್ದು ಸ್ವಾಗತಾರ್ಹವೇ. ಆದರೆ ಆ ಕಾಯ್ದೆಯ ಅಡಿಯಲ್ಲಿ ಅಲೈಡ್ ವೃತ್ತಿಪರರಿಗೂ ಕನಿಷ್ಠ 2,000 ಗಂಟೆಗಳ ಶಿಕ್ಷಣ ಕಡ್ಡಾಯ. ಕೆಲವು ತಿಂಗಳ ತರಬೇತಿಯಲ್ಲಿ ಸಿದ್ಧರಾಗುವ ಗೃಹ ಆರೈಕೆದಾರರು ಆ ಹೊಸ್ತಿಲ ಹೊರಗೇ ನಿಂತರು. ದಾದಿಯೂ ಅಲ್ಲದ, ಮನೆಕೆಲಸದವರೂ ಅಲ್ಲದ ಅವರನ್ನು ಕಾನೂನು ಗುರುತಿಸುವುದೇ ಇಲ್ಲ.

ಇನ್ನೊಂದು ವೈಪರೀತ್ಯವನ್ನು ನಾಡಿನ ಗಮನಕ್ಕೆ ತರಲೇಬೇಕು. ಇಸ್ರೇಲಿನಲ್ಲಿ ಯುದ್ಧ ಆರಂಭವಾದ 2023ರ ಅಕ್ಟೋಬರ್‌ನಲ್ಲಿ ಅಲ್ಲಿ ಸುಮಾರು 18 ಸಾವಿರ ಭಾರತೀಯರಿದ್ದರು. ಅವರಲ್ಲಿ ಹೆಚ್ಚಿನವರು ವೃದ್ಧರ ಆರೈಕೆ ಮಾಡುವವರು, ಅವರಲ್ಲೂ ಮಂಗಳೂರು–ಉಡುಪಿ ಭಾಗದವರು ಗಣನೀಯ ಸಂಖ್ಯೆಯಲ್ಲಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಭಾರತ ಮತ್ತು ಇಸ್ರೇಲ್ ಮಾಡಿಕೊಂಡ ಒಪ್ಪಂದದಂತೆ 42 ಸಾವಿರ ಭಾರತೀಯ ಕಾರ್ಮಿಕರಿಗೆ ಅಲ್ಲಿ ಅವಕಾಶ; ಅದರಲ್ಲಿ 8 ಸಾವಿರ ಆರೈಕೆಯ ಕೆಲಸಕ್ಕೆ. ಜಪಾನಿನೊಂದಿಗೆ 2021ರಲ್ಲಿ ಆದ ಒಪ್ಪಂದದಲ್ಲೂ ವೃದ್ಧರ ಆರೈಕೆ ಸೇರಿದೆ.

ಹೊರದೇಶಕ್ಕೆ ಹೋಗುವವರನ್ನು ನಾವು ತಡೆಯಬೇಕೆಂದು ಹೇಳುತ್ತಿಲ್ಲ. ಆ ದುಡಿಮೆಯಿಂದ ಕರಾವಳಿಯ ಎಷ್ಟೋ ಮನೆಗಳು ಎದ್ದಿವೆ, ಮಕ್ಕಳು ಓದಿದ್ದಾರೆ. ಆದರೆ ಪ್ರಶ್ನೆ ಸ್ಪಷ್ಟವಾಗಿದೆ: ಹೈಫಾದ ವೃದ್ಧೆಯನ್ನು ಎತ್ತಿ ಕೂರಿಸುವ ಕೌಶಲಕ್ಕೆ ಬೆಲೆಯಿದೆ, ಕಾರ್ಕಳದ ವೃದ್ಧೆಯನ್ನು ಕೂರಿಸುವ ಅದೇ ಕೌಶಲಕ್ಕೆ ಏಕಿಲ್ಲ? ಇಸ್ರೇಲ್ 1980ರಲ್ಲೇ ದೀರ್ಘಾವಧಿ ಆರೈಕೆ ವಿಮೆಯ ಕಾನೂನು ಮಾಡಿ 1988ರಿಂದ ಜಾರಿಗೊಳಿಸಿತು. ಜಪಾನ್ 2000ದ ಏಪ್ರಿಲ್‌ನಿಂದ 40 ದಾಟಿದ ಎಲ್ಲರಿಂದಲೂ ಕಂತು ಪಡೆದು ಆರೈಕೆಯ ಬಹುಪಾಲು ವೆಚ್ಚವನ್ನು ಸಾರ್ವಜನಿಕ ನಿಧಿಯಿಂದ ಭರಿಸತೊಡಗಿತು. ಹಣ ಯಾರು ಕೊಡಬೇಕು ಎಂಬುದನ್ನು ಮೊದಲು ತೀರ್ಮಾನಿಸಿದ್ದರಿಂದಲೇ ಅಲ್ಲಿ ಕೆಲಸಕ್ಕೆ ಮಾನ್ಯತೆ ಬಂತು.

ನಮ್ಮಲ್ಲಿ ಕೆಲಸದ ಬೆಲೆ ಕುಸಿದಿರುವುದಕ್ಕೆ ಆರ್ಥಿಕವಲ್ಲದ ಕಾರಣವೂ ಇದೆ, ಅದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಇನ್ನೊಬ್ಬರ ಮಲಮೂತ್ರ ತೊಳೆಯುವ, ಮೈ ಒರೆಸುವ ದುಡಿಮೆಯನ್ನು ಜಾತಿವ್ಯವಸ್ಥೆ ಕೀಳೆಂದು ನಿಗದಿಮಾಡಿತು. ಆಧುನಿಕ ಮನೆಗಳು ಆ ದೃಷ್ಟಿಯನ್ನು ಬಿಟ್ಟಿಲ್ಲ. ತಾಯಿಯ ಜೀವವನ್ನೇ ಒಪ್ಪಿಸಿದ ಹೆಣ್ಣುಮಗಳಿಗೆ ಬೇರೆ ತಟ್ಟೆ, ಬೇರೆ ಲೋಟ ಇಡುವ ಮನೆಗಳು ಈಗಲೂ ಇವೆ. ‘24 ಗಂಟೆಯ ಕೆಲಸ’ ಎಂಬ ಷರತ್ತಿನಲ್ಲಿ ನಿದ್ದೆ, ವಾರದ ರಜೆ, ಫೋನಿನಲ್ಲಿ ಮಕ್ಕಳೊಡನೆ ಮಾತು ಎಲ್ಲವೂ ಮಾಲೀಕರ ದಯೆಗೆ ಬಿಟ್ಟದ್ದು.

ಮನೆಕೆಲಸವನ್ನು 2004ರಲ್ಲೇ ಕನಿಷ್ಠ ವೇತನದ ವ್ಯಾಪ್ತಿಗೆ ತಂದ ಹೆಗ್ಗಳಿಕೆ ಕರ್ನಾಟಕದ್ದು. ಜಾರಿಯ ವಿಷಯದಲ್ಲಿ ಹೆಗ್ಗಳಿಕೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಯನ್ನೂ ಕೆಲಸದ ಸ್ಥಳವೆಂದು ಒಪ್ಪಿ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡುವ ಅವಕಾಶ ಕಲ್ಪಿಸಿದೆ. ತನ್ನ ಜಿಲ್ಲೆಯಲ್ಲಿ ಅಂಥ ಸಮಿತಿಯೊಂದು ಇದೆಯೆಂಬುದು ಎಷ್ಟು ಆರೈಕೆದಾರರಿಗೆ ಗೊತ್ತಿದೆ? ಗೃಹ ಕಾರ್ಮಿಕರಿಗೆ ಪ್ರತ್ಯೇಕ ಕಾನೂನು ಚೌಕಟ್ಟಿನ ಅಗತ್ಯವನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಕೇಂದ್ರಕ್ಕೆ ಸೂಚಿಸಬೇಕಾಗಿ ಬಂದದ್ದು ಶಾಸಕಾಂಗದ ವೈಫಲ್ಯವನ್ನೇ ಸಾರುತ್ತದೆ.

ಈ ಸಮಸ್ಯೆಗೆ ಅಧಿಕಾರಿಗಳ ಬಾಯಲ್ಲಿ ಸಿದ್ಧವಾಗಿರುವ ಪರಿಹಾರವೊಂದಿದೆ: ಆಶಾ ಕಾರ್ಯಕರ್ತೆಯರಿಗೆ ಇನ್ನೊಂದು ಕೆಲಸ ವಹಿಸುವುದು. ಇದನ್ನು ನಾವು ವಿರೋಧಿಸುತ್ತೇವೆ. ರಾಜ್ಯದ ಸುಮಾರು 42 ಸಾವಿರ ಆಶಾಗಳು ತಾಯಿ–ಮಗುವಿನ ಆರೋಗ್ಯದಿಂದ ಹಿಡಿದು ಸಮೀಕ್ಷೆಗಳವರೆಗೆ ಈಗಾಗಲೇ ಹೊತ್ತ ಹೊರೆ ಸಾಕಷ್ಟಿದೆ. ತಿಂಗಳಿಗೆ ಖಚಿತವಾದ ಗೌರವಧನ ಕೊಡಿ ಎಂದು 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಾಯಿತು. 2024ರಲ್ಲಿ ಕೋಲಾರದಿಂದ ಆರಂಭವಾದ ‘ಗೃಹ ಆರೋಗ್ಯ’ ಯೋಜನೆ ಮನೆಬಾಗಿಲಿನಲ್ಲಿ ರಕ್ತದೊತ್ತಡ, ಮಧುಮೇಹ ಪತ್ತೆಹಚ್ಚುವ ಒಳ್ಳೆಯ ಹೆಜ್ಜೆ. ಪತ್ತೆಹಚ್ಚಿ ಮಾತ್ರೆ ಕೊಡುವುದು ಒಂದು ಕೆಲಸ. ಹಾಸಿಗೆಯಲ್ಲಿರುವವರನ್ನು ದಿನವೂ ತೊಳೆದು, ಉಣ್ಣಿಸಿ, ಕಾಯುವುದು ಬೇರೆಯೇ ಕೆಲಸ.

ನೆರೆರಾಜ್ಯಗಳು ನಮಗಿಂತ ಮುಂದಿವೆ. ಕೋಝಿಕ್ಕೋಡಿನಲ್ಲಿ 1993ರಲ್ಲಿ ಸಣ್ಣದಾಗಿ ಆರಂಭವಾದ ಉಪಶಾಮಕ ಆರೈಕೆಯ ಪ್ರಯತ್ನ ಕೇರಳದಾದ್ಯಂತ ಹಬ್ಬಿ, 2008ರಲ್ಲಿ ಸರ್ಕಾರದ ಅಧಿಕೃತ ನೀತಿಯಾಯಿತು. ಅಲ್ಲಿ ಪಂಚಾಯತಿಯೇ ಹಣ ಒದಗಿಸುತ್ತದೆ, ಸಮುದಾಯ ಶುಶ್ರೂಷೆಯಲ್ಲಿ ತರಬೇತಿ ಪಡೆದ ದಾದಿ ಮನೆಗೇ ಹೋಗುತ್ತಾರೆ, ಊರಿನ ಸ್ವಯಂಸೇವಕರು ಜೊತೆಗಿರುತ್ತಾರೆ. ತಮಿಳುನಾಡು 2021ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಮನೆಬಾಗಿಲಿಗೆ ಮಾತ್ರೆಯ ಜೊತೆ ಭೌತಚಿಕಿತ್ಸೆಯನ್ನೂ ಉಪಶಾಮಕ ಆರೈಕೆಯನ್ನೂ ಒಯ್ಯುತ್ತದೆ. ದಿನವಿಡೀ ಜೊತೆಗಿರುವ ಆರೈಕೆಯ ಪ್ರಶ್ನೆಯನ್ನು ಈ ಎರಡೂ ಮಾದರಿಗಳು ಪೂರ್ತಿಯಾಗಿ ಬಗೆಹರಿಸಿಲ್ಲ ಎಂಬುದು ನಿಜ. ಆದರೂ ಮನೆಯಲ್ಲಿರುವ ರೋಗಿ ಸರ್ಕಾರದ ರೋಗಿಯೂ ಹೌದು ಎಂಬ ತತ್ತ್ವವನ್ನು ಅವು ಒಪ್ಪಿಕೊಂಡಿವೆ. ಕರ್ನಾಟಕ ಇನ್ನೂ ಒಪ್ಪಿಕೊಂಡಿಲ್ಲ.

ಹಣವೆಲ್ಲಿದೆ ಎಂದು ಕೇಳುವವರಿಗೆ ಈಗಿನ ಲೆಕ್ಕವನ್ನೇ ತೋರಿಸಬಹುದು. 70 ದಾಟಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ರಕ್ಷಣೆಯನ್ನು ಆಯುಷ್ಮಾನ್ ಭಾರತ್ ಅಡಿಯಲ್ಲಿ ಕೇಂದ್ರ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದಿತು. ಹಾಸಿಗೆ ಹುಣ್ಣು ಕೊಳೆತು ಆಸ್ಪತ್ರೆ ಸೇರಿದರೆ ಸಾರ್ವಜನಿಕ ಹಣ ಸಿಗುತ್ತದೆ. ಹುಣ್ಣು ಆಗದಂತೆ ಮನೆಯಲ್ಲಿ ಮಗ್ಗುಲು ಬದಲಿಸುವವರಿಗೆ ಒಂದು ರೂಪಾಯಿಯೂ ಇಲ್ಲ. ಇನ್ನು ಬಡವರ ಪಾಲಿಗೆ ಉಳಿದಿರುವುದು ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ 1,200 ರೂಪಾಯಿ; ಡೈಪರ್ ಮತ್ತು ಮಾತ್ರೆಗೆ ಸಾಲದ ಆ ಹಣದಲ್ಲಿ ಆರೈಕೆದಾರರನ್ನು ಇಟ್ಟುಕೊಳ್ಳುವ ಮಾತೇ ಇಲ್ಲ.

ಕರ್ನಾಟಕ ಸರ್ಕಾರ ಮೊದಲು ಮಾಡಬೇಕಾದದ್ದು ಹೊಣೆಯನ್ನು ಒಬ್ಬರ ಹೆಗಲಿಗೆ ಏರಿಸುವುದು. ಆರೋಗ್ಯ ಇಲಾಖೆ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ, ಕೌಶಲಾಭಿವೃದ್ಧಿ ಇಲಾಖೆ, ಕಾರ್ಮಿಕ ಇಲಾಖೆ ಈ ನಾಲ್ಕರಲ್ಲಿ ಕಡತ ಸುತ್ತುವವರೆಗೆ ಏನೂ ಆಗದು. ನಮ್ಮ ಅಭಿಪ್ರಾಯದಲ್ಲಿ ಆರೋಗ್ಯ ಇಲಾಖೆಯೇ ಮುಂದಾಳತ್ವ ವಹಿಸಬೇಕು. ಏಕೆಂದರೆ ಮೇಲ್ವಿಚಾರಣೆಗೆ ಬೇಕಾದ ದಾದಿಯರು, ಆಸ್ಪತ್ರೆಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳು ಅದರ ಕೈಯಲ್ಲಿವೆ.

ತರಬೇತಿ ತಾಲ್ಲೂಕು ಆಸ್ಪತ್ರೆಯಲ್ಲಿ, ನಿಜವಾದ ಹಾಸಿಗೆಗಳ ಪಕ್ಕದಲ್ಲಿ ನಡೆಯಬೇಕು. ಬಾಡಿಗೆ ಕೋಣೆಯ ಗೊಂಬೆಯ ಮೇಲಲ್ಲ. ಪಠ್ಯ ಮತ್ತು ಪರೀಕ್ಷೆಯನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ, ಡಿಮೆನ್ಷಿಯಾದ ಭಾಗವನ್ನು ನಿಮ್ಹಾನ್ಸ್‌ಗೂ ವಹಿಸಬಹುದು. ಹತ್ತಾರು ವರ್ಷ ಈ ಕೆಲಸ ಮಾಡಿಕೊಂಡು ಬಂದಿರುವ ಹೆಂಗಸರಿಗೆ ಹೊಸದಾಗಿ ತರಗತಿಯಲ್ಲಿ ಕೂರಬೇಕೆಂಬ ಕಟ್ಟಳೆ ಬೇಡ. ಅವರ ಕೈಕೆಲಸವನ್ನು ಪರೀಕ್ಷಿಸಿ, ಕೊರತೆಯನ್ನಷ್ಟೇ ಕಲಿಸಿ ಪ್ರಮಾಣಪತ್ರ ಕೊಡಬೇಕು. ಪುರುಷರನ್ನೂ ಈ ವೃತ್ತಿಗೆ ಕರೆತರಬೇಕು. ಭಾರದ ದೇಹವನ್ನು ಎತ್ತುವ ತಂತ್ರ ತಿಳಿಯದೆ ಸೊಂಟ ಕಳೆದುಕೊಂಡ ಆರೈಕೆದಾರರ ಸಂಖ್ಯೆ ಇನ್ನೂ ಬೆಳೆಯಲು ಬಿಡಬಾರದು.

ಪ್ರಮಾಣಪತ್ರ ಪಡೆದವರ ಸಾರ್ವಜನಿಕ ನೋಂದಣಿ ತಾಲ್ಲೂಕುವಾರು ತೆರೆಯಲಿ. ಏಜೆನ್ಸಿಗಳಿಗೆ ಪರವಾನಗಿ ಕಡ್ಡಾಯವಾಗಲಿ. ಅವು ಹಿಡಿಯುವ ಕಮಿಷನ್ನಿಗೆ ಮಿತಿ, ಕೆಲಸದ ಅವಧಿಗೆ ಮಿತಿ, ಲಿಖಿತ ಕರಾರು ಇರಲಿ. ಕೇಂದ್ರದ ಮಸೂದೆ ಮತ್ತೆ ಬರುವವರೆಗೆ ರಾಜ್ಯ ಕಾಯಬೇಕಾಗಿಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಒಬ್ಬ ದಾದಿ ನಿಗದಿತ ಅವಧಿಗೊಮ್ಮೆ ಈ ಮನೆಗಳಿಗೆ ಹೋಗಿ ರೋಗಿಯನ್ನೂ ಆರೈಕೆದಾರರನ್ನೂ ನೋಡಿಬರುವ ಏರ್ಪಾಡಾಗಬೇಕು. ಹುಣ್ಣನ್ನು ಮೊದಲು ಕಾಣುವ ಕಣ್ಣೂ, ಮಂಚಕ್ಕೆ ಕಟ್ಟಿದ ಹಗ್ಗವನ್ನು ಪ್ರಶ್ನಿಸುವ ಬಾಯಿಯೂ ಅವರೇ.

ಬಡ ಕುಟುಂಬಗಳ ಆರೈಕೆದಾರರ ಸಂಬಳವನ್ನು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ಹಂಚಿಕೊಂಡು ಭರಿಸಬೇಕು. ಮೊದಲ ಹಂತದಲ್ಲಿ ಪೂರ್ಣ ಹಾಸಿಗೆ ಹಿಡಿದವರಿಗೆ, ಒಂಟಿಯಾಗಿರುವವರಿಗೆ, ದಿನಕ್ಕೆ ಕೆಲವು ಗಂಟೆಗಳ ಸೇವೆಯಿಂದ ಆರಂಭಿಸಿದರೂ ಸರಿ. ಮನೆಯವರೇ ಆರೈಕೆ ಮಾಡುವ ಕಡೆ ರೋಗಿಯನ್ನು ಬಿಡುಗಡೆ ಮಾಡುವ ಮುನ್ನ ಅವರಿಗೆ ವಾರ್ಡಿನಲ್ಲೇ ತರಬೇತಿ ಕೊಡುವುದನ್ನು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಬೇಕು. ಇದಕ್ಕೆ ಖರ್ಚೂ ಕಡಿಮೆ, ಹೊಸ ಕಾಯ್ದೆಯೂ ಬೇಕಿಲ್ಲ. ಒಂದು ಸುತ್ತೋಲೆ ಸಾಕು.

ನಾಗರಿಕರಾದ ನಮ್ಮ ಪಾಲೂ ಇದೆ. ಆರೈಕೆದಾರರಿಗೆ ವಾರದ ರಜೆ ಕೊಡಲು ಯಾವ ಸರ್ಕಾರದ ಅಪ್ಪಣೆಯೂ ಬೇಡ. ತಂದೆಯ ಮಗ್ಗುಲು ಬದಲಿಸುವುದನ್ನು ಮಗನೂ ಕಲಿಯಬಹುದು.

ಉಳಿದದ್ದು ವಿಧಾನಸಭೆಯದು. ಮುಂದಿನ ಆಯವ್ಯಯದಲ್ಲಿ ಗೃಹ ಆರೈಕೆಗೆಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯಲಾಗುವುದೇ, ಅದಕ್ಕೆ ಯಾವ ಇಲಾಖೆ ಉತ್ತರದಾಯಿ, ಮೊದಲ ವರ್ಷ ಯಾವ ಜಿಲ್ಲೆಗಳಲ್ಲಿ ಎಷ್ಟು ಮಂದಿಗೆ ತರಬೇತಿ ಮತ್ತು ಎಷ್ಟು ಮಂದಿಗೆ ಸಂಬಳದ ಕೆಲಸ ಎಂಬುದನ್ನು ಆರೋಗ್ಯ ಸಚಿವರು ಸದನದಲ್ಲಿ ಹೇಳಬೇಕು. ಹೇಳದಿದ್ದರೆ ವಿರೋಧ ಪಕ್ಷ ಪ್ರಶ್ನೋತ್ತರ ಅವಧಿಯಲ್ಲಿ ಕೇಳಬೇಕು. 224 ಶಾಸಕರಲ್ಲಿ ಇಂಥ ರೋಗಿಯಿಲ್ಲದ ಕ್ಷೇತ್ರವನ್ನು ಪ್ರತಿನಿಧಿಸುವವರು ಒಬ್ಬರೂ ಇಲ್ಲ.